ಗಣಿತ ಕ್ಲಾಸಿನ ಎಕ್ಸ್ ವಿಜ್ಞಾನ ಕ್ಲಾಸಿಗೂ ಬರಬೇಕಾದರೆ: ಬೀಜಗಣಿತ ಕಲಿಸುವವರಿಗೊಂದು ಮಾರ್ಗದರ್ಶಿ

3ಎಕ್ಸ್ = 12 ಅಂತ ಬೋರ್ಡ್ ಮೇಲೆ ಬರೆದರೆ ಹೆಚ್ಚಿನ ಮಕ್ಕಳು ಎಕ್ಸ್ = 4 ಅಂತ ಥಟ್ಟನೆ ಹೇಳುತ್ತಾರೆ. ಮುಂದಿನ ಪೀರಿಯಡ್‌ನಲ್ಲಿ ಅದೇ ಮಕ್ಕಳ ಮುಂದೆ ವಿ = ಐ × ಆರ್ (ವಿಭವಾಂತರ = ವಿದ್ಯುತ್ ಪ್ರವಾಹ × ರೋಧ) ಬರೆದು, 'ಇದರಲ್ಲಿ ಆರ್ ಕಂಡುಹಿಡಿಯಿರಿ' ಅಂದರೆ ಪೆನ್ನು ಮುಂದೆ ಹೋಗುವುದೇ ಇಲ್ಲ. 'ಇವರಿಗೆ ಗಣಿತದ ತಳಪಾಯವೇ ಇಲ್ಲ' ಅಂತ ವಿಜ್ಞಾನ ಟೀಚರ್ ಅಂದುಕೊಳ್ಳುತ್ತಾರೆ. 'ನಾನು ಸಮೀಕರಣ ಮುಗಿಸಿ ತಿಂಗಳಾಯಿತಲ್ಲ' ಅಂತ ಗಣಿತ ಮೇಷ್ಟ್ರು ಅಂದುಕೊಳ್ಳುತ್ತಾರೆ. ಇಬ್ಬರೂ ಹೇಳುವುದು ಸುಳ್ಳಲ್ಲ. ಆದರೆ ಎರಡು ಕ್ಲಾಸಿನಲ್ಲಿ ನಡೆಯುತ್ತಿರುವುದು ಎರಡು ಬೇರೆ ಬೇರೆ ಬೀಜಗಣಿತ. ಗಣಿತದಲ್ಲಿ ಒಂದೇ ಒಂದು ಅಕ್ಷರ, ಮಿಕ್ಕಿದ್ದೆಲ್ಲ ಅಂಕಿ, ಉತ್ತರವೂ ಅಂಕಿ. ವಿಜ್ಞಾನದಲ್ಲಿ ಎಲ್ಲವೂ ಅಕ್ಷರ, ಪ್ರತಿ ಅಕ್ಷರದ ಹಿಂದೆ ಒಂದು ಏಕಮಾನ, ಎಕ್ಸ್ ಅಂತೂ ಎಲ್ಲೂ ಕಾಣುವುದಿಲ್ಲ. ಮಗುವಿಗೆ ಇವೆರಡೂ ಒಂದೇ ಅಂತ ಯಾರೂ ಹೇಳಿರುವುದಿಲ್ಲ.

ಈ ಎರಡನ್ನೂ ಸೇರಿಸುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ. ಗಣಿತ ಕಲಿಸುವವರಿಗೂ ವಿಜ್ಞಾನ ಕಲಿಸುವವರಿಗೂ ಇದು ಒಟ್ಟಿಗೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿದರೆ ಒಳ್ಳೆಯದು, ಯಾಕೆಂದರೆ ಮೊದಲ ಮೂರು ಗಟ್ಟಿಯಾಗದೆ ಮುಂದಿನದ್ದು ನಿಲ್ಲುವುದಿಲ್ಲ.

ಹಂತ 1: ಮೊದಲು ಮಕ್ಕಳು ಎಲ್ಲಿದ್ದಾರೆ ನೋಡಿ

ಹತ್ತು ನಿಮಿಷ, ಮೂರು ಪ್ರಶ್ನೆ, ಹೆಸರು ಬರೆಯದ ಚೀಟಿ. ಮಾರ್ಕ್ಸ್ ಇಲ್ಲ ಅಂತ ಮೊದಲೇ ಹೇಳಿ.

ಒಂದನೆಯದು: 8 + 4 = □ + 5. ಡಬ್ಬಿಯಲ್ಲಿ ಏನು ಬರಬೇಕು?

ಎರಡನೆಯದು: ಒಂದು ಕಾಲೇಜಿನಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ ಎಸ್, ಪ್ರಾಧ್ಯಾಪಕರ ಸಂಖ್ಯೆ ಪಿ. ಸಮೀಕರಣ ಬರೆಯಿರಿ.

ಮೂರನೆಯದು: ವಿ = ಯು + ಎ × ಟಿ. ಇದರಲ್ಲಿ ಟಿ ಕಂಡುಹಿಡಿಯಿರಿ (ವಿ ಕೊನೆಯ ವೇಗ, ಯು ಮೊದಲಿನ ವೇಗ, ಎ ವೇಗೋತ್ಕರ್ಷ, ಟಿ ಕಾಲ). ಅಂಕಿ ಕೊಟ್ಟಿಲ್ಲ.

ಉತ್ತರಕ್ಕಿಂತ ತಪ್ಪುಗಳನ್ನು ಗಮನವಿಟ್ಟು ಓದಿ. ಮೊದಲನೆಯದಕ್ಕೆ ಸರಿ ಉತ್ತರ 7. ಯಾರಾದರೂ 12 ಬರೆದಿದ್ದರೆ ಅವರಿಗೆ = ಅಂದರೆ 'ಈಗ ಉತ್ತರ ಬರುತ್ತದೆ' ಅನ್ನುವ ಸೂಚನೆ ಅಷ್ಟೇ. 17 ಬರೆದವರು ಕಣ್ಣಿಗೆ ಕಂಡ ಅಂಕಿಯನ್ನೆಲ್ಲ ಕೂಡಿದ್ದಾರೆ. ಎರಡನೆಯದಕ್ಕೆ 6ಎಸ್ = ಪಿ ಅಂತ ತುಂಬಾ ಜನ ಬರೆಯುತ್ತಾರೆ. ಸರಿಯಾದದ್ದು ಎಸ್ = 6ಪಿ. ಇದು ಬಹಳ ಹೆಸರಾದ ಪ್ರಶ್ನೆ. ಅಮೆರಿಕದಲ್ಲಿ 1980ರ ಸುಮಾರಿಗೆ ಇದನ್ನು ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳಿಗೇ ಕೊಟ್ಟು ನೋಡಿದಾಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಪ್ಪು ಬರೆದಿದ್ದರು. ಹಾಗಾಗಿ ನಿಮ್ಮ ಮಕ್ಕಳು ತಪ್ಪಿದರೆ ಗಾಬರಿಯಾಗಬೇಡಿ. ಮೂರನೆಯದನ್ನು ಖಾಲಿ ಬಿಟ್ಟವರೇ ಜಾಸ್ತಿ ಇರುತ್ತಾರೆ.

ಚೀಟಿಗಳನ್ನು ಗಣಿತ, ವಿಜ್ಞಾನ ಇಬ್ಬರು ಶಿಕ್ಷಕರೂ ಒಟ್ಟಿಗೆ ಕೂತು ನೋಡಬೇಕು. ಒಬ್ಬರೇ ನೋಡಿದರೆ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದು ತುಂಬಾ ಸುಲಭ, ಅಲ್ವಾ?

ಹಂತ 2: ಸಮ ಚಿಹ್ನೆಯನ್ನು ರಿಪೇರಿ ಮಾಡಿ

ಈ ಚಿಹ್ನೆಯನ್ನು ಮೊದಲು ಅಚ್ಚು ಹಾಕಿಸಿದವನು ವೇಲ್ಸ್‌ನ ರಾಬರ್ಟ್ ರೆಕಾರ್ಡ್, 1557ರಲ್ಲಿ. ಎರಡು ಸಮಾನಾಂತರ ಗೆರೆಗಳಿಗಿಂತ ಸಮನಾದದ್ದು ಇನ್ನೇನಿದೆ ಅನ್ನುವುದು ಅವನು ಕೊಟ್ಟ ಕಾರಣ. ಅಂದರೆ ಎಡಕ್ಕಿರುವುದೂ ಬಲಕ್ಕಿರುವುದೂ ಒಂದೇ ಬೆಲೆ. ಆದರೆ ಒಂದನೇ ತರಗತಿಯಿಂದ ಮಕ್ಕಳು ನೋಡುತ್ತಾ ಬಂದಿರುವುದು 5 + 3 = ಏನು ಅನ್ನುವ ಮಾದರಿಯನ್ನೇ. ಕ್ಯಾಲ್ಕುಲೇಟರ್‌ನಲ್ಲೂ ಆ ಗುಂಡಿ ಒತ್ತಿದರೆ ಉತ್ತರ ಬರುತ್ತದೆ. ಹೀಗಿರುವಾಗ ಚಿಹ್ನೆಯ ಅರ್ಥ 'ಮಾಡು' ಅಂತ ಅಂದುಕೊಳ್ಳದೆ ಇನ್ನೇನು ಮಾಡುತ್ತಾರೆ?

ಒಂದು ವಾರ ಪ್ರತಿ ಪೀರಿಯಡ್ ಶುರುವಿನಲ್ಲಿ ಐದು ನಿಮಿಷ 'ಸರಿಯೋ ತಪ್ಪೋ' ಆಡಿಸಿ. 7 = 7. 9 = 5 + 4. 5 + 4 = 6 + 3. 37 + 28 = 38 + 27. ಕೊನೆಯದನ್ನು ಕೂಡದೇ ಹೇಳಬೇಕು. ಒಂದು ಕಡೆ ಒಂದು ಹೆಚ್ಚಿದೆ, ಇನ್ನೊಂದು ಕಡೆ ಒಂದು ಕಡಿಮೆಯಾಗಿದೆ ಅಂತ ಮಗು ಹೇಳಿದರೆ, ಅದು ಬೀಜಗಣಿತದ ಯೋಚನೆಗೆ ಇಳಿದಿದೆ ಅಂತಲೇ ಅರ್ಥ. ಅಕ್ಷರ ಇನ್ನೂ ಬಂದಿಲ್ಲ ಅಷ್ಟೇ.

ನಾವು ಬೋರ್ಡ್ ಮೇಲೆ ಬರೆಯುವ ರೀತಿಯನ್ನೂ ನೋಡಿಕೊಳ್ಳಬೇಕು. ಅವಸರದಲ್ಲಿ 5 + 3 = 8 × 2 = 16 − 1 = 15 ಅಂತ ಉದ್ದಕ್ಕೆ ಎಳೆದುಕೊಂಡು ಹೋಗುತ್ತೇವೆ. ಇದರಲ್ಲಿ 5 + 3 ಮತ್ತು 15 ಸಮ ಅಂತ ಬರೆದ ಹಾಗಾಯಿತು. ವಿಜ್ಞಾನದ ಲೆಕ್ಕಗಳಲ್ಲಿ ಇದು ಇನ್ನೂ ಜಾಸ್ತಿ. ಒಂದು ಸಾಲಿಗೆ ಒಂದೇ ಸಮ ಚಿಹ್ನೆ ಅನ್ನುವ ನಿಯಮವನ್ನು ಇಬ್ಬರೂ ಶಿಕ್ಷಕರು ಪಾಲಿಸಿದರೆ ಅರ್ಧ ಕೆಲಸ ಆಯಿತು.

ತಕ್ಕಡಿಯ ಚಿತ್ರವನ್ನು ಬಳಸಿ, ಒಳ್ಳೆಯದೇ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದರೆ ಮುಳ್ಳು ಅಲ್ಲಾಡುವುದಿಲ್ಲ ಅನ್ನುವುದು ಮಕ್ಕಳಿಗೆ ಬೇಗ ಹಿಡಿಸುತ್ತದೆ. ಆದರೆ ಅದನ್ನು ಅತಿಯಾಗಿ ಎಳೆಯಬೇಡಿ. ಎಕ್ಸ್ + 5 = 2 ಬಂದ ಕೂಡಲೇ ತಕ್ಕಡಿ ಕೈಕೊಡುತ್ತದೆ, ಋಣ ತೂಕದ ಕಲ್ಲು ಯಾರ ಹತ್ತಿರವೂ ಇಲ್ಲ. ಅಲ್ಲಿಂದ ಮುಂದೆ ಸಂಖ್ಯಾರೇಖೆಗೆ ಹೋಗಿ. ಋಣ ಸಂಖ್ಯೆಗಳನ್ನು ಸಾಲ ಅಂತಲೂ ಧನ ಸಂಖ್ಯೆಗಳನ್ನು ಆಸ್ತಿ ಅಂತಲೂ ಇಟ್ಟುಕೊಂಡು ಕೂಡು ಕಳೆ ಗುಣಿಸು ನಿಯಮಗಳನ್ನೆಲ್ಲ ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದಾನೆ. ಆ ದಾರಿಯೂ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ.

ಹಂತ 3: ಅಕ್ಷರ ಅಂದರೆ ಸಂಖ್ಯೆ, ವಸ್ತುವಿನ ಅಡ್ಡಹೆಸರಲ್ಲ

'ಪಿ ಅಂದರೆ ಪೆನ್, ಬಿ ಅಂದರೆ ಬುಕ್, ಮೂರು ಪೆನ್ ಎರಡು ಬುಕ್ ಅಂದರೆ 3ಪಿ + 2ಬಿ.' ಇದನ್ನು ದಯವಿಟ್ಟು ನಿಲ್ಲಿಸಿ. ಮೊದಲ ದಿನ ಸುಲಭ ಅನ್ನಿಸುತ್ತದೆ, ಸಜಾತಿ ಪದ ವಿಜಾತಿ ಪದ ಹೇಳಿಕೊಡಲು ಅನುಕೂಲ. ಆದರೆ ಮುಂದಿನ ವಾರ ಪಿ × ಬಿ ಬಂದಾಗ ಪೆನ್ನನ್ನು ಪುಸ್ತಕದಿಂದ ಗುಣಿಸುವುದು ಹೇಗೆ? ಪಿ ವರ್ಗ ಅಂದರೆ ಎಂಥ ಪೆನ್? ಮೇಲಿನ 6ಎಸ್ = ಪಿ ತಪ್ಪಿನ ಬೇರೂ ಇಲ್ಲೇ ಇದೆ. 'ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ' ಅನ್ನುವುದನ್ನು ಮಗು ಸಂಕ್ಷಿಪ್ತವಾಗಿ ಬರೆದುಕೊಂಡಿದೆ ಅಷ್ಟೇ. ಎಸ್ ಅದಕ್ಕೆ ಸಂಖ್ಯೆಯಾಗಿ ಕಾಣಲೇ ಇಲ್ಲ.

ಬದಲಿಗೆ ಬದಲಾಗುವ ಒಂದು ಸಂಗತಿಯಿಂದ ಶುರುಮಾಡಿ. ಕಡ್ಡಿಗಳಿಂದ ಸಾಲಾಗಿ ಚೌಕ ಮಾಡಿಸಿ, ಪಕ್ಕಪಕ್ಕದ ಚೌಕಗಳಿಗೆ ನಡುವಿನ ಕಡ್ಡಿ ಒಂದೇ ಇರಲಿ. ಒಂದು ಚೌಕಕ್ಕೆ 4 ಕಡ್ಡಿ, ಎರಡಕ್ಕೆ 7, ಮೂರಕ್ಕೆ 10. ನೂರು ಚೌಕಕ್ಕೆ ಎಷ್ಟು? ಈಗ ಕ್ಲಾಸಿನಲ್ಲಿ ಬೇರೆ ಬೇರೆ ದಾರಿ ಹುಟ್ಟುತ್ತವೆ. ಒಬ್ಬರು 'ಮೊದಲನೆಯದಕ್ಕೆ ನಾಲ್ಕು, ಆಮೇಲೆ ಮೂರು ಮೂರು' ಅನ್ನುತ್ತಾರೆ: 4 + 3(ಎನ್ − 1). ಇನ್ನೊಬ್ಬರು 'ಮೊದಲು ಒಂದು ನಿಂತ ಕಡ್ಡಿ ಇಟ್ಟುಕೊಳ್ಳೋಣ, ಪ್ರತಿ ಚೌಕಕ್ಕೆ ಮೂರು ಸೇರಿಸೋಣ' ಅನ್ನುತ್ತಾರೆ: 1 + 3ಎನ್. ಮತ್ತೊಬ್ಬರು ಮೇಲಿನ ಸಾಲು, ಕೆಳಗಿನ ಸಾಲು, ನಿಂತವು ಅಂತ ಬೇರೆ ಬೇರೆ ಎಣಿಸುತ್ತಾರೆ: ಎನ್ + ಎನ್ + (ಎನ್ + 1). ಮೂರನ್ನೂ ಬೋರ್ಡ್ ಮೇಲೆ ಬಿಡಿ, ಅಳಿಸಬೇಡಿ. 'ಮೂರೂ ಒಂದೇ ಉತ್ತರ ಕೊಡುತ್ತವಾ? ಯಾವಾಗಲೂ ಕೊಡುತ್ತವಾ? ಹೇಗೆ ಗೊತ್ತು?' ಆವರಣ ಬಿಡಿಸುವುದು, ಸಜಾತಿ ಪದ ಕೂಡಿಸುವುದು, ಇವೆಲ್ಲ ಯಾಕೆ ಬೇಕು ಅನ್ನುವುದಕ್ಕೆ ಇಲ್ಲೇ ಉತ್ತರ ಸಿಗುತ್ತದೆ. ಸಾಮಾನ್ಯವಾಗಿ ನಾವು ಈ ಪಾಠಕ್ಕೆ ಒಂದು ಪೀರಿಯಡ್ ಕೊಡುತ್ತೇವೆ. ಎರಡಾದರೂ ಕೊಡಿ ಅನ್ನುತ್ತೇನೆ ನಾನು, ಬೇರೆ ಎಲ್ಲಾದರೂ ಉಳಿಸಿಕೊಳ್ಳಬಹುದು.

ಅಕ್ಷರ ಯಾವುದಾದರೂ ಆಗಬಹುದು ಅನ್ನುವುದೂ ಇಲ್ಲೇ ತಿಳಿಯಲಿ. ಗೊತ್ತಿಲ್ಲದ್ದಕ್ಕೆ ಎಕ್ಸ್, ವೈ, ಝಡ್, ಗೊತ್ತಿರುವುದಕ್ಕೆ ಎ, ಬಿ, ಸಿ ಅನ್ನುವ ರೂಢಿಯನ್ನು 1637ರಲ್ಲಿ ಹಾಕಿಕೊಟ್ಟವನು ಫ್ರಾನ್ಸಿನ ಗಣಿತಜ್ಞ ದೆಕಾರ್ತ್. ಅದಕ್ಕೂ ಐನೂರು ವರ್ಷ ಹಿಂದೆ ಎರಡನೇ ಭಾಸ್ಕರ ಗೊತ್ತಿಲ್ಲದ ಸಂಖ್ಯೆಗಳಿಗೆ ಬಣ್ಣಗಳ ಹೆಸರಿಟ್ಟಿದ್ದ: ಕಾಲಕ, ನೀಲಕ, ಪೀತಕ. ಬರೆಯುವಾಗ ಕಾ, ನೀ, ಪೀ ಅಂತ ಚಿಕ್ಕದಾಗಿ. ಒಂದು ದಿನ ಮಕ್ಕಳಿಗೆ 'ಇವತ್ತು ಎಕ್ಸ್ ಇಲ್ಲ, 3ಕಾ + 2 = 14 ಬಿಡಿಸಿ' ಅಂದು ನೋಡಿ. ಎಕ್ಸ್‌ಗೆ ಅಂಟಿಕೊಂಡವರು ಯಾರು ಅಂತ ಆಗ ಗೊತ್ತಾಗುತ್ತದೆ.

ಮಾತಿನ ಲೆಕ್ಕವನ್ನು ಸಮೀಕರಣ ಮಾಡುವಾಗ ಒಂದು ಅಭ್ಯಾಸ ಸಾಕು: ಬರೆದ ಮೇಲೆ ಸಂಖ್ಯೆ ಹಾಕಿ ನೋಡುವುದು. 'ಪ್ರಾಧ್ಯಾಪಕರು 10 ಜನ ಇದ್ದರೆ ವಿದ್ಯಾರ್ಥಿಗಳು ಎಷ್ಟು?' 60. ಈಗ 6ಎಸ್ = ಪಿಯಲ್ಲಿ ಹಾಕಿದರೆ 360 = 10. ಮಗುವೇ ನಕ್ಕು ತಿದ್ದಿಕೊಳ್ಳುತ್ತದೆ.

ಹಂತ 4: 'ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ' ಅನ್ನುವುದನ್ನು ತಡವಾಗಿ ಹೇಳಿ

ಈ ಒಂದು ವಾಕ್ಯದಿಂದ ಆಗುವ ಅನಾಹುತ ಸಣ್ಣದಲ್ಲ. 3ಎಕ್ಸ್ = 12ರಲ್ಲಿ 3 ಆ ಕಡೆ ಹೋಗಿ −3 ಆಗುತ್ತದೆ, ಎಕ್ಸ್ = 9. ಇಲ್ಲವೇ 12ನ್ನು −3ರಿಂದ ಭಾಗಿಸಿ −4. ಮಗು ನೀವು ಹೇಳಿದ್ದನ್ನೇ ಮಾಡಿದೆ.

ಶುರುವಿನಲ್ಲಿ ಎರಡೂ ಕಡೆ ಏನು ಮಾಡಿದೆವು ಅನ್ನುವುದನ್ನು ಬಲಗಡೆ ಅಂಚಿನಲ್ಲಿ ಬರೆಸಿ. 3ಎಕ್ಸ್ + 5 = 17. ಅಂಚಿನಲ್ಲಿ 'ಎರಡೂ ಕಡೆ 5 ಕಳೆದೆ'. 3ಎಕ್ಸ್ = 12. ಅಂಚಿನಲ್ಲಿ 'ಎರಡೂ ಕಡೆ 3ರಿಂದ ಭಾಗಿಸಿದೆ'. ಎಕ್ಸ್ = 4. ಕೊನೆಗೆ ಮೊದಲ ಸಾಲಿನಲ್ಲಿ 4 ಹಾಕಿ ತಾಳೆ ನೋಡುವುದು. ನಿಧಾನ ಆಗುತ್ತದೆ, ನಿಜ. ಹುಡುಗರಿಗೆ ತಾವಾಗಿಯೇ ಬೇಜಾರಾಗಿ 'ಸರ್, ಇದನ್ನೆಲ್ಲ ಬರೀಲೇಬೇಕಾ' ಅಂತ ಕೇಳುವವರೆಗೂ ಬರೆಸಿ. ಆಗ ಅಡ್ಡದಾರಿ ಕೊಡಬಹುದು, ಯಾಕೆಂದರೆ ಅದು ಯಾವುದರ ಅಡ್ಡದಾರಿ ಅಂತ ಅವರಿಗೆ ಗೊತ್ತಿರುತ್ತದೆ.

ಹಂತ 5: ಅಂಕಿಯ ಪಕ್ಕದಲ್ಲೇ ಅಕ್ಷರ

ಇದು ಎರಡು ಕ್ಲಾಸುಗಳ ನಡುವಿನ ಸೇತುವೆ. ಪುಟದ ನಡುವೆ ಗೆರೆ ಎಳೆಸಿ. ಎಡಕ್ಕೆ ಅಂಕಿಯ ಸಮೀಕರಣ, ಬಲಕ್ಕೆ ಸೂತ್ರ. ಎರಡನ್ನೂ ಸಾಲು ಸಾಲಾಗಿ ಒಟ್ಟಿಗೆ ಬಿಡಿಸಬೇಕು.

ಎಡಕ್ಕೆ 17 = 5 + 3ಟಿ. ಬಲಕ್ಕೆ ವಿ = ಯು + ಎ × ಟಿ.
ಎರಡೂ ಕಡೆ 5 ಕಳೆದರೆ 17 − 5 = 3ಟಿ. ಬಲಗಡೆ ಅದೇ ಕೆಲಸ: ವಿ − ಯು = ಎ × ಟಿ.
3ರಿಂದ ಭಾಗಿಸಿದರೆ ಟಿ = (17 − 5) ÷ 3. ಬಲಗಡೆ ಟಿ = (ವಿ − ಯು) ÷ ಎ.

17 − 5 ಅನ್ನು 12 ಅಂತ ತಕ್ಷಣ ಮಾಡಲು ಬಿಡಬೇಡಿ. ಕೊನೆಯವರೆಗೂ ಹಾಗೇ ಇರಲಿ, ಆಗಲೇ ಎರಡು ಸಾಲುಗಳ ಆಕಾರ ಒಂದೇ ಅನ್ನುವುದು ಕಾಣುವುದು. ಆವರಣ ಯಾಕೆ ಬೇಕು ಅನ್ನುವುದೂ ಇಲ್ಲಿ ಗೊತ್ತಾಗುತ್ತದೆ. ಆವರಣ ಬಿಟ್ಟು 17 − 5 ÷ 3 ಮಾಡಿದರೆ 4 ಬರುವುದೇ ಇಲ್ಲ.

ಈಗ ತ್ರಿಕೋನದ ವಿಷಯ. ವಿ ಮೇಲೆ, ಐ ಮತ್ತು ಆರ್ ಕೆಳಗೆ, ಬೇಕಾದ್ದರ ಮೇಲೆ ಬೆರಳಿಟ್ಟರೆ ಉತ್ತರ. ಸಾಂದ್ರತೆಗೆ ಒಂದು ತ್ರಿಕೋನ, ವೇಗಕ್ಕೆ ಒಂದು, ಬಲಕ್ಕೆ ಇನ್ನೊಂದು. ಪರೀಕ್ಷೆಯ ಹಿಂದಿನ ದಿನ ಇದು ವರದಾನದ ಹಾಗೆ ಕಾಣುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಆದರೂ ನನ್ನ ಪ್ರಕಾರ ಅದನ್ನು ಕ್ಲಾಸಿನಿಂದ ಹೊರಗಿಡಬೇಕು. ವಿ = ಯು + ಎ × ಟಿಗೆ ತ್ರಿಕೋನ ಇಲ್ಲ. ಲೋಲಕದ ಸೂತ್ರಕ್ಕೆ ಇಲ್ಲ. ಮಸೂರದ ಸೂತ್ರಕ್ಕೂ ಇಲ್ಲ. ತ್ರಿಕೋನ ಕಲಿತ ಮಗು ಮೂರು ಅಕ್ಷರದ ಗುಣಾಕಾರ ದಾಟಿದ ಕೂಡಲೇ ಮತ್ತೆ ಸೊನ್ನೆಯಿಂದ ಶುರುಮಾಡಬೇಕು. ವಿ = ಐ × ಆರ್ ಅನ್ನುವುದು 20 = 4ಎಕ್ಸ್‌ನ ಅಣ್ಣ ಅಷ್ಟೇ ಅಂತ ಒಂದು ಸಲ ಕಂಡರೆ ತ್ರಿಕೋನ ಯಾರಿಗೆ ಬೇಕು?

ಹಂತ 6: ವಿಜ್ಞಾನದ ಸಮೀಕರಣಕ್ಕೆ ಏಕಮಾನವೂ ಸೇರಿಯೇ ಬೆಲೆ

ಗಣಿತದ ಎಕ್ಸ್ ಬರೀ ಸಂಖ್ಯೆ. ವಿಜ್ಞಾನದ ಅಕ್ಷರ ಸಂಖ್ಯೆ ಮತ್ತು ಏಕಮಾನ ಎರಡೂ ಕೂಡಿದ್ದು. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿ.

ಪ್ರತಿ ಸೂತ್ರಕ್ಕೂ ಮೊದಲು ನಾಲ್ಕು ಅಂಕಣದ ಪಟ್ಟಿ ಮಾಡಿಸಿ: ಅಕ್ಷರ, ಅದು ಏನು, ಏಕಮಾನ, ಈ ಪ್ರಯೋಗದಲ್ಲಿ ಬದಲಾಗುತ್ತದೋ ಇಲ್ಲವೋ. ಕೊನೆಯ ಅಂಕಣವನ್ನು ಬಹಳ ಪಾಠಗಳಲ್ಲಿ ಬಿಟ್ಟೇಬಿಡುತ್ತಾರೆ. ಆದರೆ ಅದೇ ಮುಖ್ಯ. ಟಿ ಬದಲಾಗುತ್ತದೆ, ಯು ಈ ಲೆಕ್ಕದಲ್ಲಿ ಬದಲಾಗುವುದಿಲ್ಲ, ನಿರ್ವಾತದಲ್ಲಿ ಬೆಳಕಿನ ವೇಗ ಯಾವ ಲೆಕ್ಕದಲ್ಲೂ ಬದಲಾಗುವುದಿಲ್ಲ. ಮೂರೂ ಅಕ್ಷರಗಳೇ, ಮೂರರ ಸ್ವಭಾವ ಬೇರೆ.

ಇದರ ಜೊತೆಗೇ ಒಂದೇ ಅಕ್ಷರಕ್ಕೆ ಎರಡು ಕೆಲಸ ಇರುವ ಕಾಟ. ಎಂ ಒಂದು ಕಡೆ ದ್ರವ್ಯರಾಶಿ, ಇನ್ನೊಂದು ಕಡೆ ಮೀಟರ್. ವಿ ಎಲ್ಲೋ ವೇಗ, ಎಲ್ಲೋ ಗಾತ್ರ, ಎಲ್ಲೋ ವಿಭವಾಂತರ. ಗಣಿತದಲ್ಲಿ ಅದೇ ಎಂ ಗ್ರಾಫ್‌ನ ಇಳಿಜಾರು. ಮಕ್ಕಳಿಗೆ ಗೊಂದಲವಾದರೆ ಅದು ಅವರ ದಡ್ಡತನವಲ್ಲ. ಪಟ್ಟಿ ಇದ್ದರೆ ಗೊಂದಲ ಅಲ್ಲೇ ಮುಗಿಯುತ್ತದೆ.

ಇನ್ನು ಏಕಮಾನವನ್ನೂ ಬೀಜಗಣಿತದ ಹಾಗೇ ಕತ್ತರಿಸಿ ಕೂಡಿಸಬಹುದು ಅನ್ನುವುದು. ಎಸ್ = ಯು × ಟಿ + ½ × ಎ × ಟಿ² ತಗೊಳ್ಳಿ, ಇಲ್ಲಿ ಎಸ್ ಅಂದರೆ ಸಾಗಿದ ದೂರ. ಮೊದಲ ಪದ: ಮೀಟರ್ ಪ್ರತಿ ಸೆಕೆಂಡ್ ಗುಣಿಸು ಸೆಕೆಂಡ್, ಅಂದರೆ ಮೀಟರ್. ಎರಡನೆಯದು: ಮೀಟರ್ ಪ್ರತಿ ಸೆಕೆಂಡ್ ವರ್ಗ ಗುಣಿಸು ಸೆಕೆಂಡ್ ವರ್ಗ, ಅದೂ ಮೀಟರ್. ಸರಿ, ಕೂಡಬಹುದು. ಯಾರಾದರೂ ನೆನಪು ತಪ್ಪಿ ವಿ = ಯು + ಎ × ಟಿ² ಅಂತ ಬರೆದರೆ ಎರಡನೇ ಪದ ಮೀಟರ್ ಆಗಿಬಿಡುತ್ತದೆ. ವೇಗಕ್ಕೆ ದೂರ ಕೂಡಲು ಬರುವುದಿಲ್ಲ, ಸೂತ್ರ ತಪ್ಪು. ಪರೀಕ್ಷೆಯ ಹಾಲ್‌ನಲ್ಲಿ ಸೂತ್ರ ಮರೆತವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಒಂದು ಎಚ್ಚರಿಕೆ: ½ ಬಿಟ್ಟುಹೋಗಿದ್ದರೆ ಏಕಮಾನದಿಂದ ಗೊತ್ತಾಗುವುದಿಲ್ಲ.

ಏಕಮಾನ ಬರೆಯಲು ಸೋಮಾರಿತನ ಮಾಡುವವರಿಗೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ಹೇಳಿ. ನಾಸಾ ಮಂಗಳಕ್ಕೆ ಕಳಿಸಿದ್ದ ಆ ನೌಕೆ 1999ರಲ್ಲಿ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಅದನ್ನು ಪಡೆದವರು ನ್ಯೂಟನ್ ಲೆಕ್ಕ ಅಂದುಕೊಂಡಿದ್ದರು. ಒಂದು ಪೌಂಡ್ ಬಲ ಅಂದರೆ ಸುಮಾರು 4.45 ನ್ಯೂಟನ್. ಸುಮ್ನೆ ಅಲ್ಲ, ಸಮೀಕರಣ ಸರಿಯಿದ್ದೂ ನೌಕೆ ಹೋಯಿತು.

ಅಂಕಿ ಹಾಕುವುದನ್ನು ಆದಷ್ಟು ಕೊನೆಗೆ ತಳ್ಳಿ. ಲೋಲಕದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಟಿ = 2π√(ಎಲ್ ÷ ಜಿ). ಇಲ್ಲಿ ಟಿ ಒಂದು ಆಂದೋಲನದ ಅವಧಿ, ಎಲ್ ದಾರದ ಉದ್ದ, ಜಿ ಗುರುತ್ವ ವೇಗೋತ್ಕರ್ಷ. ಜಿ ಬೇಕು. ಎರಡೂ ಕಡೆ ವರ್ಗ ಮಾಡಿದರೆ ಟಿ² = 4π² × ಎಲ್ ÷ ಜಿ. ಅಲ್ಲಿಂದ ಜಿ = 4π² × ಎಲ್ ÷ ಟಿ². ಈಗ ಅಳೆದ ಅಂಕಿ ಹಾಕಿ. ಒಂದು ಮೀಟರ್ ಉದ್ದದ ದಾರಕ್ಕೆ ಆಂದೋಲನದ ಅವಧಿ ಸುಮಾರು 2 ಸೆಕೆಂಡ್, ಜಿ ಸುಮಾರು 9.87 ಬರುತ್ತದೆ. ಪುಸ್ತಕದ 9.8ಕ್ಕೆ ಇಷ್ಟು ಹತ್ತಿರ ಬಂದಾಗ ಮಕ್ಕಳ ಮುಖ ನೋಡಬೇಕು. ಅಕ್ಷರದಲ್ಲೇ ಬಿಡಿಸಿಕೊಂಡಿದ್ದರೆ ಇನ್ನೂ ಒಂದು ಲಾಭ: ಐದು ಗುಂಪು ಐದು ಉದ್ದದ ದಾರ ತಂದರೂ ಸಮೀಕರಣ ಒಂದೇ ಸಲ ಬಿಡಿಸಿದರೆ ಸಾಕು. ಗುಂಡಿನ ದ್ರವ್ಯರಾಶಿ ಸೂತ್ರದಲ್ಲಿ ಎಲ್ಲೂ ಇಲ್ಲ ಅನ್ನುವುದನ್ನೂ ಅವರೇ ಗಮನಿಸುತ್ತಾರೆ. ಗಮನಿಸದಿದ್ದರೆ ಕೇಳಿ.

ಹಂತ 7: ಒಂದೇ ಗ್ರಾಫ್, ಎರಡು ಪೀರಿಯಡ್

ಒಂದು ಸ್ಪ್ರಿಂಗ್, ಕೆಲವು ತೂಕದ ಬಿಲ್ಲೆ, ಒಂದು ಸ್ಕೇಲ್. ತೂಕವಿಲ್ಲದಾಗ ಸ್ಪ್ರಿಂಗ್ 12 ಸೆಂಟಿಮೀಟರ್ ಇದೆ, 50 ಗ್ರಾಂಗೆ 14, 100ಕ್ಕೆ 16, 150ಕ್ಕೆ 18 ಅಂತ ಇಟ್ಟುಕೊಳ್ಳಿ. ನಿಜವಾದ ಅಳತೆ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ, ಬರದಿರುವುದೇ ಒಳ್ಳೆಯದು. ವಿಜ್ಞಾನದ ಪೀರಿಯಡ್‌ನಲ್ಲಿ ಅಳೆದು ಪಟ್ಟಿ ಮಾಡಲಿ. ಅದೇ ಹಾಳೆ ಗಣಿತದ ಪೀರಿಯಡ್‌ಗೆ ಹೋಗಲಿ. ಅಲ್ಲಿ ವೈ = ಎಂ × ಎಕ್ಸ್ + ಸಿ ಆಗುತ್ತದೆ: ಉದ್ದ = 0.04 × ತೂಕ + 12.

ಈಗ ಪ್ರಶ್ನೆ ಕೇಳಿ. 0.04 ಅಂದರೆ ಏನು, ಅದರ ಏಕಮಾನ ಏನು? ಪ್ರತಿ ಗ್ರಾಂಗೆ 0.04 ಸೆಂಟಿಮೀಟರ್ ಹಿಗ್ಗುತ್ತದೆ. 12 ಅಂದರೆ? ಏನೂ ನೇತುಹಾಕದಾಗಿನ ಉದ್ದ. ಗಣಿತದ ಇಳಿಜಾರಿಗೂ ವೈ ಅಕ್ಷ ಕತ್ತರಿಸುವ ಬಿಂದುವಿಗೂ ಇಷ್ಟು ಮೈಕೈ ಬಂದ ಮೇಲೆ ಮಕ್ಕಳು ಅದನ್ನು ಮರೆಯುವುದು ಕಷ್ಟ.

ನಂತರ ಇದನ್ನು ಕೇಳಿ: ತೂಕ ಎರಡು ಪಟ್ಟಾದರೆ ಉದ್ದ ಎರಡು ಪಟ್ಟಾಯಿತಾ? 50ಕ್ಕೆ 14, 100ಕ್ಕೆ 16. ಆಗಲಿಲ್ಲ. ಹಾಗಾದರೆ ಏನು ಎರಡು ಪಟ್ಟಾಯಿತು? ಹಿಗ್ಗಿದ್ದು: 2 ಇದ್ದದ್ದು 4. ಗೆರೆ ನೇರವಾಗಿದ್ದ ಮಾತ್ರಕ್ಕೆ ನೇರ ಅನುಪಾತ ಅಲ್ಲ, ಮೂಲಬಿಂದುವಿನ ಮೂಲಕ ಹೋದರೆ ಮಾತ್ರ ಅನುಪಾತ. ಇದನ್ನು ಬಾಯಿಪಾಠ ಮಾಡಿಸಿದರೆ ಉಳಿಯುವುದಿಲ್ಲ, ಸ್ಪ್ರಿಂಗ್ ಕೈಯಲ್ಲಿದ್ದಾಗ ಕೇಳಿದರೆ ಉಳಿಯುತ್ತದೆ.

ಕೊನೆಗೆ 2000 ಗ್ರಾಂ ಹಾಕಿ ನೋಡಿ ಅನ್ನಿ, ಸಮೀಕರಣದಲ್ಲಿ. 92 ಸೆಂಟಿಮೀಟರ್ ಬರುತ್ತದೆ. ನಿಜವಾಗಿ ಆಗುತ್ತದಾ? ಆ ಸ್ಪ್ರಿಂಗ್ ಅಷ್ಟರಲ್ಲಿ ನೆಟ್ಟಗಾಗಿ ಕೆಟ್ಟುಹೋಗಿರುತ್ತದೆ. ಸ್ಪ್ರಿಂಗ್ ಹಿಗ್ಗುವುದು ತೂಕದ ಅನುಪಾತದಲ್ಲಿ ಅನ್ನುವ ಹುಕ್ ನಿಯಮಕ್ಕೆ ಒಂದು ಮಿತಿ ಇದೆ, ಸಮೀಕರಣಕ್ಕೆ ಆ ಮಿತಿ ತಾನಾಗಿ ಗೊತ್ತಿರುವುದಿಲ್ಲ.

ಸಮಯ ಇದ್ದರೆ ಉಷ್ಣತೆಯ ಲೆಕ್ಕವನ್ನೂ ಸೇರಿಸಿ: ಎಫ್ = (9 ÷ 5) × ಸಿ + 32. ಎರಡೂ ಮಾಪಕದಲ್ಲಿ ಒಂದೇ ಅಂಕಿ ತೋರಿಸುವ ಉಷ್ಣತೆ ಯಾವುದು? ಎರಡಕ್ಕೂ ಎಕ್ಸ್ ಇಟ್ಟು ಬಿಡಿಸಿದರೆ −40. ಈ ಲೆಕ್ಕ ಯಾವ ಕ್ಲಾಸಿನಲ್ಲೂ ಸೋತಿಲ್ಲ ಅನ್ನಬಹುದು.

ಹಂತ 8: ರಸಾಯನಶಾಸ್ತ್ರದಲ್ಲೂ ಬೀಜಗಣಿತ ಇದೆ

ರಾಸಾಯನಿಕ ಸಮೀಕರಣ ಸರಿದೂಗಿಸುವುದನ್ನು ಊಹೆ ಮಾಡಿ ಮಾಡಿ ಕಲಿಸುತ್ತೇವೆ. ಚಿಕ್ಕದಕ್ಕೆ ಅದೇ ಸಾಕು. ಸ್ವಲ್ಪ ದೊಡ್ಡದಾದರೆ ಅಕ್ಷರ ಹಾಕಿ. ಪ್ರೊಪೇನ್ ಉರಿಯುವುದನ್ನು ನೋಡಿ:

ಪಿ × ಸಿ₃ಎಚ್₈ + ಕ್ಯೂ × ಒ₂ → ಆರ್ × ಸಿಒ₂ + ಎಸ್ × ಎಚ್₂ಒ

ಇಂಗಾಲದ ಲೆಕ್ಕ: 3ಪಿ = ಆರ್. ಜಲಜನಕ: 8ಪಿ = 2ಎಸ್. ಆಮ್ಲಜನಕ: 2ಕ್ಯೂ = 2ಆರ್ + ಎಸ್. ಪಿ = 1 ಅಂತ ಇಟ್ಟರೆ ಆರ್ = 3, ಎಸ್ = 4, 2ಕ್ಯೂ = 10, ಕ್ಯೂ = 5. ಮುಗಿಯಿತು. ಇಲ್ಲಿ ಗಣಿತ ಮೇಷ್ಟ್ರು ಎದ್ದು ಕೇಳಬೇಕಾದ ಪ್ರಶ್ನೆ: ನಾಲ್ಕು ಅಕ್ಷರಕ್ಕೆ ಮೂರೇ ಸಮೀಕರಣ ಇದೆಯಲ್ಲ, ಪಿ = 1 ಅಂತ ಯಾರು ಹೇಳಿದರು? ಯಾರೂ ಹೇಳಿಲ್ಲ. ಪಿ = 2 ಇಟ್ಟರೆ ಎಲ್ಲವೂ ಎರಡು ಪಟ್ಟಾಗುತ್ತದೆ, ಅದೂ ಸರಿದೂಗುತ್ತದೆ. ಉತ್ತರ ಲೆಕ್ಕವಿಲ್ಲದಷ್ಟಿವೆ, ನಾವು ಅತಿ ಚಿಕ್ಕ ಪೂರ್ಣಸಂಖ್ಯೆಗಳನ್ನು ಆರಿಸಿಕೊಳ್ಳುತ್ತೇವೆ. ಅನಿರ್ದಿಷ್ಟ ಸಮೀಕರಣಕ್ಕೆ ಇದಕ್ಕಿಂತ ಸಹಜ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಒಂದು ಮಾತು ಸ್ಪಷ್ಟಪಡಿಸಿ. ಅಣುವಿನ ಮುಂದಿನ ಅಂಕಿ ಸಹಗುಣಕದ ಹಾಗೆ, ಇಡೀ ಅಣುವಿಗೆ ಅನ್ವಯಿಸುತ್ತದೆ. ಕೆಳಗೆ ಸಣ್ಣದಾಗಿ ಬರೆಯುವ ಅಂಕಿ ಘಾತ ಅಲ್ಲ, ಅದನ್ನು ಬದಲಿಸಿದರೆ ವಸ್ತುವೇ ಬದಲಾಗುತ್ತದೆ.

ಹಂತ 9: ಭಿನ್ನರಾಶಿ ಬಂದಾಗ ನಿಲ್ಲಿ

ಸಮಾಂತರ ರೋಧಗಳು: 1/ಆರ್ = 1/ಆರ್₁ + 1/ಆರ್₂. ಮಕ್ಕಳು ಎಲ್ಲವನ್ನೂ ತಲೆಕೆಳಗು ಮಾಡಿ ಆರ್ = ಆರ್₁ + ಆರ್₂ ಅಂತ ಬರೆಯುತ್ತಾರೆ. 'ತಪ್ಪು' ಅಂತ ಕೆಂಪು ಗೀಟು ಹಾಕುವ ಬದಲು 3 ಮತ್ತು 6 ಹಾಕಿ ನೋಡಲು ಹೇಳಿ. 1/3 + 1/6 = 1/2, ಹಾಗಾಗಿ ಆರ್ = 2. ಅವರ ದಾರಿಯಲ್ಲಿ 9. ವಿದ್ಯುತ್ತಿಗೆ ಹೋಗಲು ಇನ್ನೊಂದು ದಾರಿ ಕೊಟ್ಟ ಮೇಲೆ ರೋಧ ಜಾಸ್ತಿಯಾಗುವುದು ಹೇಗೆ ಅಂತ ವಿಜ್ಞಾನದ ಕಡೆಯಿಂದಲೂ ಕೇಳಿ. ಆಮೇಲೆ ಛೇದ ಒಂದೇ ಮಾಡಿ ಆರ್ = (ಆರ್₁ × ಆರ್₂) ÷ (ಆರ್₁ + ಆರ್₂) ವರೆಗೆ ಬರಲಿ.

(ಎ + ಬಿ)² = ಎ² + ಬಿ² ಅನ್ನುವ ಹಳೆಯ ರೋಗಕ್ಕೂ ಇದೇ ಮದ್ದು. ಎರಡಕ್ಕೂ 1 ಹಾಕಿ: 4 ಬರಬೇಕಾದಲ್ಲಿ 2.

ಹಂತ 10: ಇಬ್ಬರು ಶಿಕ್ಷಕರ ನಡುವೆ ಒಂದು ಹಾಳೆ

ಪಾಠದ ಕ್ರಮವನ್ನು ಎದುರುಬದುರು ಇಟ್ಟು ನೋಡಿ. ಎಷ್ಟೋ ಕಡೆ ಚಲನೆಯ ಸಮೀಕರಣಗಳು ವಿಜ್ಞಾನದಲ್ಲಿ ಬಂದ ಮೇಲೆ ಗಣಿತದಲ್ಲಿ ಸೂತ್ರದ ಕರ್ತೃ ಬದಲಿಸುವ (ಬೇಕಾದ ಅಕ್ಷರವನ್ನು ಒಂದು ಕಡೆ ಒಂಟಿಯಾಗಿ ತರುವ) ಪಾಠ ಬರುತ್ತದೆ, ಅಥವಾ ಬರುವುದೇ ಇಲ್ಲ. ಪಾಠ ಹಿಂದೆ ಮುಂದೆ ಮಾಡಲು ಆಗದಿದ್ದರೆ ಗಣಿತದ ಎರಡು ಪೀರಿಯಡ್ ಅನ್ನು ಮುಂಚಿತವಾಗಿ ಇದಕ್ಕೆ ಎತ್ತಿಡಿ. ಯಾವ ಮಾತು ಬಳಸಬೇಕು ಅನ್ನುವುದನ್ನೂ ಗೊತ್ತುಮಾಡಿಕೊಳ್ಳಿ. ಒಬ್ಬರು 'ಅಡ್ಡ ಗುಣಾಕಾರ', ಇನ್ನೊಬ್ಬರು 'ಆ ಕಡೆ ಕಳಿಸು', ಟ್ಯೂಷನ್‌ನಲ್ಲಿ ಮೂರನೆಯವರು ಇನ್ನೇನೋ ಹೇಳಿದರೆ ಮಗು ಮೂರು ಬೇರೆ ವಿದ್ಯೆ ಅಂದುಕೊಳ್ಳುತ್ತದೆ.

ಪ್ರಶ್ನೆಪತ್ರಿಕೆಯಲ್ಲೂ ಸ್ವಲ್ಪ ಬದಲಾವಣೆ ಬೇಕು, ಯಾಕೆಂದರೆ ಮಾರ್ಕ್ಸ್ ಇಲ್ಲದ ಕೆಲಸವನ್ನು ಮಕ್ಕಳು ಮಾಡುವುದಿಲ್ಲ. ವಿಜ್ಞಾನದ ಐದು ಅಂಕದ ಲೆಕ್ಕದಲ್ಲಿ ಒಂದು ಅಂಕ ಅಕ್ಷರಗಳ ಪಟ್ಟಿಗೆ, ಎರಡು ಅಂಕ ಅಂಕಿ ಹಾಕುವ ಮೊದಲು ಅಕ್ಷರದಲ್ಲೇ ಬಿಡಿಸಿದ್ದಕ್ಕೆ, ಒಂದು ಉತ್ತರಕ್ಕೆ, ಒಂದು ಏಕಮಾನಕ್ಕೆ ಇಡಬಹುದು. ಗಣಿತದ ಪತ್ರಿಕೆಯಲ್ಲಿ ಅಂಕಿಯೇ ಇಲ್ಲದ ಒಂದು ಪ್ರಶ್ನೆ ಇರಲಿ, ಎಕ್ಸ್ ಬಿಟ್ಟು ಬೇರೆ ಅಕ್ಷರದ್ದು. ಮೊದಲ ಟೆಸ್ಟ್‌ನಲ್ಲಿ ಮಾರ್ಕ್ಸ್ ಸ್ವಲ್ಪ ಇಳಿಯುವ ಸಾಧ್ಯತೆ ಇದೆ, ಮನೆಯವರು ಬಂದು ಕೇಳಿದರೆ ತೋರಿಸಲು ಉತ್ತರಪತ್ರಿಕೆಗಳನ್ನು ಎತ್ತಿಟ್ಟುಕೊಳ್ಳಿ.